ದಿವಾನರ ಧೂಳು, ಸೀತಮ್ಮನವರ ಉಸಿರು

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನನ್ನು ಕಂಡಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ. ಒಂದು ಮನೆಯ ರತ್ನಗಂಬಳಿಯನ್ನು ತೊಳೆಯುವ ಕಾಲ ಬಂದಿದೆ ಎಂದು ಹೇಗೆ ಗೊತ್ತಾಗುತ್ತದೆ, ಅಜ್ಜಿ? ಅವರ ಹತ್ತಿರ ಈಗ ಧೂಳು ಹೀರುವ ಯಂತ್ರವಿದೆ, ಬುಸಬುಸನೆ ನೊರೆ ಬರುವ ಪುಡಿಯಿದೆ, ಯಂತ್ರ ಒಯ್ಯಲು ವ್ಯಾನಿದೆ. ನಮ್ಮ ಕಾಲದಲ್ಲಿ ಇದ್ದದ್ದು ಬೆತ್ತ, ಅಂಟುವಾಳದ ನೀರು ಮತ್ತು ನಮ್ಮ ಮಾಲೀಕರ ಬಾಯಿ. ಮೂರರಲ್ಲಿ ಹೆಚ್ಚು ಕೆಲಸ ಮಾಡುತ್ತಿದ್ದದ್ದು ಕೊನೆಯದು. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಬಡ್ತಿಯ ವಿಷಯ ಬರೆಯುವುದಿಲ್ಲ, ಏಕೆಂದರೆ ನಮ್ಮಲ್ಲಿ ಅದು ಇರಲಿಲ್ಲ. ಮೊದಲ ದಿನ ನನ್ನನ್ನು ಜಯಮ್ಮ ಎಂದು ಕರೆದ ಮಾಲೀಕರು ಕೊನೆಯ ದಿನವೂ ಜಯಮ್ಮ ಎಂದೇ ಕರೆದರು.

ಆಗಿನ್ನೂ ಐವತ್ತರ ದಶಕ. ನಾನು ಮೂಡಲಪಾಳ್ಯದ ರಾಗಿ ಹೊಲದವರ ಮನೆಯ ಸೊಸೆ. ಮಿಡ್ಲ್ ಸ್ಕೂಲು ಪಾಸು ಮಾಡಿದ್ದೆ ಎನ್ನುವುದು ನಮ್ಮ ಅತ್ತೆಗೆ ಒಂದು ಹೆಮ್ಮೆ, ಒಂದು ತಲೆನೋವು. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನಂಜುಂಡ ಶೆಟ್ಟರು ಮೈಸೂರು ರಸ್ತೆಯ ಪಕ್ಕದಲ್ಲಿ, ಈಗ ಬಾಪೂಜಿ ನಗರ ಎನ್ನುವ ಕಡೆಯಲ್ಲಿ, ರತ್ನಗಂಬಳಿ ಶುದ್ಧಿ ಮಾಡುವ ಕಾರ್ಖಾನೆ ತೆರೆದಿದ್ದರು. ಕಾರ್ಖಾನೆಯೆಂದರೆ ಒಂದು ಹೆಂಚಿನ ಕೊಟ್ಟಿಗೆ, ಒಂದಷ್ಟು ಬಿದಿರಿನ ಗಳ, ಹಿಂದೆ ಹರಿಯುವ ವೃಷಭಾವತಿ. ಆ ನೀರಿನಲ್ಲಿ ತೊಳೆದರೆ ಕಂಬಳಿ ಶುದ್ಧವಾಗುತ್ತಿತ್ತು. ಈಗಿನವರು ಈ ಮಾತನ್ನು ನಂಬುವುದಿಲ್ಲ.

ಶೆಟ್ಟರ ತೊಂದರೆ ಏನೆಂದರೆ, ಅವರು ಮನೆಮನೆಗೆ ಕಳಿಸಿದ ಗಂಡಾಳುಗಳೆಲ್ಲ ಗೇಟಿನಿಂದಲೇ ವಾಪಸು ಬರುತ್ತಿದ್ದರು. ರಾಜಾಜಿನಗರ ಆಗ ತಾನೇ ಏಳುತ್ತಿತ್ತು. ಹಗಲು ಹೊತ್ತು ಗಂಡಸರು ಆಫೀಸಿಗೆ, ಕಾರ್ಖಾನೆಗೆ ಹೋಗಿರುತ್ತಿದ್ದರು. ಹೆಂಗಸರು ಪರಗಂಡಸನ್ನು ನಡುಮನೆಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಕಂಬಳಿ ನೋಡದೆ ಅದು ಕೊಳೆಯಾಗಿದೆ ಎಂದು ಹೇಳುವುದು ಹೇಗೆ? ಹೀಗಾಗಿ ಅವರಿಗೆ ಓದುಬರಹ ಬರುವ ಒಬ್ಬ ಹೆಂಗಸು ಬೇಕಾಗಿತ್ತು. ನನ್ನನ್ನು ಸೇರಿಸಿಕೊಂಡ ದಿನ ಅವರು ನನಗೆ ಕೊಟ್ಟ ತರಬೇತಿ ಇಷ್ಟೇ.

“ಗಲೀಜಾಗದೇ ಇರೋ ಕಾರ್ಪೆಟ್ಟು ಅಂತ ಲೋಕದಲ್ಲಿಲ್ಲ ಕಣಮ್ಮ. ಗಲೀಜು ಕಾಣದೇ ಇರೋ ಕಣ್ಣಿದೆ, ಅಷ್ಟೆ. ಆ ಕಣ್ಣು ತೆರೆಸೋದು ನಿನ್ನ ಕೆಲಸ.”

ಕಣ್ಣು ತೆರೆಸಲು ಅವರು ಒಂದು ಬಿಳಿಯ ಕರವಸ್ತ್ರ ಕೊಟ್ಟಿದ್ದರು. ಮನೆಯವರ ಎದುರಿಗೆ ಅದನ್ನು ಕಂಬಳಿಯ ಮೇಲೆ ಉಜ್ಜಿ, ಕೆಂಪಗಾದದ್ದನ್ನು ಎತ್ತಿ ತೋರಿಸಿ, ಏನೂ ಮಾತಾಡದೆ ನಿಲ್ಲಬೇಕು. ಮೊದಲ ವಾರ ಇದು ಚೆನ್ನಾಗಿಯೇ ನಡೆಯಿತು. ಆದರೆ ರಾಜಾಜಿನಗರದ ರಸ್ತೆಗಳಿಗೆ ಆಗ ಇನ್ನೂ ಡಾಂಬರು ಬಿದ್ದಿರಲಿಲ್ಲ. ಇಟ್ಟಿಗೆ, ಮರಳು ಹೊತ್ತ ಎತ್ತಿನಗಾಡಿಗಳು ದಿನವಿಡೀ ಓಡಾಡಿ ಎಬ್ಬಿಸುವ ಕೆಂಪು ಧೂಳು ಊರಿಗೆಲ್ಲ ಸಮನಾಗಿ ಹಂಚಿಹೋಗುತ್ತಿತ್ತು. ಒಬ್ಬ ಮೇಷ್ಟ್ರ ಹೆಂಡತಿ ನನ್ನ ಕೈಯಿಂದ ಕರವಸ್ತ್ರ ತೆಗೆದುಕೊಂಡು ಅದರ ಇನ್ನೊಂದು ಮೂಲೆಯನ್ನು ಕಿಟಕಿಗೆ ಉಜ್ಜಿದರು, ಮತ್ತೊಂದನ್ನು ತಮ್ಮ ಮಗನ ತಲೆಗೆ ಉಜ್ಜಿದರು, ಕೊನೆಯದನ್ನು ನನ್ನ ಸೆರಗಿಗೆ ಉಜ್ಜಿದರು. ನಾಲ್ಕು ಮೂಲೆಯೂ ಒಂದೇ ಬಣ್ಣ. ಮೊದಲು ಯಾರನ್ನು ತೊಳೀತೀರಾ ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ಅವರೂ ನಕ್ಕು ಕಾಫಿ ಕೊಟ್ಟರು. ಕಂಬಳಿ ಮಾತ್ರ ಕೊಡಲಿಲ್ಲ.

ಆಮೇಲೆ ಶೆಟ್ಟರು ಕರಪತ್ರ ಹೊಡೆಸಿದರು. ಗೌರಿಹಬ್ಬಕ್ಕೆ ಮುಂಚೆ ಕಂಬಳಿ ಶುದ್ಧಿ ಮಾಡಿಸಿ, ದಸರಾ ಬೊಂಬೆ ಇಡುವ ಮುಂಚೆ ಮಾಡಿಸಿ, ಬೊಂಬೆ ಎತ್ತಿದ ಮೇಲೆ ಮಾಡಿಸಿ, ದೀಪಾವಳಿಗೆ, ಸಂಕ್ರಾಂತಿಗೆ, ಯುಗಾದಿಗೆ ಮಾಡಿಸಿ ಎಂದು ಪಂಚಾಂಗವನ್ನೆಲ್ಲ ಅದರಲ್ಲಿ ತುಂಬಿಸಿದ್ದರು. ಕೊನೆಗೆ ದಪ್ಪ ಅಕ್ಷರದಲ್ಲಿ, ‘ನಿಮ್ಮ ಮನೆಗೆ ಬಂದ ನೆಂಟರು ಬೇಗ ಎದ್ದು ಹೋಗುತ್ತಿದ್ದಾರೆಯೇ? ರತ್ನಗಂಬಳಿಯನ್ನು ಪರೀಕ್ಷಿಸಿರಿ’ ಎಂದಿತ್ತು. ಒಬ್ಬ ವಕೀಲರು ಅದನ್ನೋದಿ, ಆ ಕಾರಣಕ್ಕೇ ತಾವು ಅದನ್ನು ತೊಳೆಸುತ್ತಿಲ್ಲ, ದಯವಿಟ್ಟು ಈ ಗುಟ್ಟನ್ನು ಬೀದಿಗೆಲ್ಲ ಹಂಚಬೇಡಿ ಎಂದು ಹೇಳಿ ಕಳಿಸಿದರು.

ಹೊಸ ವಿಧಾನದ ಹುಚ್ಚೂ ಶೆಟ್ಟರಿಗೆ ಒಮ್ಮೆ ಹಿಡಿಯಿತು. ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಊರು ಬಿಟ್ಟು ಹೊರಟಿದ್ದ ಒಬ್ಬ ಇಂಗ್ಲಿಷ್ ದೊರೆಸಾನಿಯಿಂದ ವಿದ್ಯುತ್ತಿನ ಧೂಳುಯಂತ್ರವೊಂದನ್ನು ಕೊಂಡು ತಂದರು. ಅದನ್ನು ಗಾಡಿಯಲ್ಲಿ ಹೊತ್ತು ಮನೆಮನೆಗೆ ಹೋದರೆ, ಯಾವ ಮನೆಯಲ್ಲೂ ಅದರ ಬಾಲ ಚುಚ್ಚುವ ಜಾಗವಿರಲಿಲ್ಲ. ದೀಪಕ್ಕೇ ಕರೆಂಟು ಸಿಕ್ಕಿದರೆ ಸಾಕು ಎನ್ನುವ ಕಾಲ. ಜಾಗವಿದ್ದ ಒಂದೇ ಒಂದು ಮನೆಯಲ್ಲಿ ಹಚ್ಚಿದಾಗ ಆ ಸಾಲಿನ ಮನೆಗಳ ದೀಪಗಳೆಲ್ಲ ಆರಿಹೋದವು. ಮುಂದೆ ಆ ಯಂತ್ರಕ್ಕೆ ವರ್ಷಕ್ಕೊಂದು ಸಲ, ಆಯುಧಪೂಜೆಯ ದಿನ, ಹೂವು ಅರಿಶಿನ ಕುಂಕುಮ ಸಿಗುತ್ತಿತ್ತು. ಬೇರೆ ಕೆಲಸ ಅದಕ್ಕೆ ಇರಲಿಲ್ಲ.

ಕಂಬಳಿ ನಿಜವಾಗಿ ತೊಳೆಯುತ್ತಿದ್ದವರು ಖಾದರ್ ಸಾಬರು. ತಾತನ ಕಾಲದಿಂದ ಅವರ ಮನೆತನದ್ದು ಕಂಬಳಿ ನೇಯುವ ಕಸುಬು. ಕೈ ಬಹಳ ಒಳ್ಳೆಯದು, ಬಾಯಿ ಅಷ್ಟೇ ಕೆಟ್ಟದು. ಕಂಡದ್ದನ್ನು ಹೇಳದೆ ಅವರಿಗೆ ಊಟ ಸೇರುತ್ತಿರಲಿಲ್ಲ. ಶೆಟ್ಟರು ಎಲ್ಲ ಕಂಬಳಿಯೂ ಕೊಳೆ ಎನ್ನುತ್ತಿದ್ದರೆ, ಸಾಬರು ಗಿರಾಕಿಯ ಎದುರಿಗೇ ಇದಕ್ಕೇನಾಗಿದೆ, ಸುಮ್ಮನೆ ಯಾಕೆ ತಂದಿರಿ ಎಂದು ಕೇಳಿಬಿಡುತ್ತಿದ್ದರು. ಇವರಿಬ್ಬರ ನಡುವೆ ನಾನು ಕಲಿತೆ. ಕಲಿತದ್ದೆಲ್ಲ ಉಪಯೋಗಕ್ಕೆ ಬಂದದ್ದು ಅನಂತರಾಮಯ್ಯನವರ ಮನೆಯಲ್ಲಿ.

ಅನಂತರಾಮಯ್ಯನವರು ನಿವೃತ್ತ ಶಿರಸ್ತೇದಾರರು, ಬೀದಿಗೆಲ್ಲ ‘ರಾಯರು’. ರಾಜಾಜಿನಗರದಲ್ಲಿ ಹೊಸ ಮನೆ ಕಟ್ಟಿಸಿ ಹೆಂಡತಿ ಸೀತಮ್ಮನವರೊಂದಿಗೆ ಇದ್ದರು. ಮಕ್ಕಳು ಮದುವೆಯಾಗಿ ಬೇರೆ ಊರಿನಲ್ಲಿದ್ದರು. ಆ ಬೀದಿಯ ಪಿಂಚಣಿದಾರರೆಲ್ಲ ಅವರು ಕೊಡೆ ಹಿಡಿದು ಹೊರಟರೆ ತಾವೂ ಮಳೆ ಬರುತ್ತದೆ ಎಂದು ನಂಬುವವರು. ಅವರೊಬ್ಬರು ಕಂಬಳಿ ಕೊಟ್ಟರೆ ಬೀದಿಯೇ ಕೊಡುತ್ತದೆ ಎಂದು ಶೆಟ್ಟರು ನನ್ನನ್ನು ಅಲ್ಲಿಗೆ ಅಟ್ಟಿದರು.

ನಡುಮನೆಯಲ್ಲಿ ಕಂಬಳಿ ಹಾಸಿತ್ತು. ಅದರ ಮೇಲೆ ಜಮಖಾನೆ, ಜಮಖಾನೆಯ ಮೇಲೆ ಒಗೆದ ದುಪ್ಪಟಿ. ರಾಯರು ದುಪ್ಪಟಿಯ ಮೂಲೆ ಎತ್ತಿ, ಜಮಖಾನೆಯ ಮೂಲೆ ಎತ್ತಿ, ಗರ್ಭಗುಡಿ ತೋರಿಸುವ ಅರ್ಚಕರಂತೆ ಒಂದು ಕ್ಷಣ ತೋರಿಸಿ ಮುಚ್ಚಿದರು. ಒಳಗೆ ಏನೋ ಕಂದು ಬಣ್ಣ ಕಂಡಿತು. ಅವರು ತಾಲ್ಲೂಕು ಕಚೇರಿಯಲ್ಲಿದ್ದಾಗ ಒಬ್ಬ ದಿವಾನರು ಬಂದು ಈ ಕಂಬಳಿಯ ಮೇಲೆ ನಿಂತು ಇವರನ್ನು ಹೆಸರು ಹಿಡಿದು ಕರೆದು ಎರಡು ಮಾತಾಡಿ ಹೋಗಿದ್ದರಂತೆ. ಮುಂದೆ ಕಚೇರಿಯ ಹಳೆಯ ಸಾಮಾನು ಹರಾಜಾದಾಗ ರಾಯರು ಹಠ ಮಾಡಿ ಇದನ್ನು ಕೂಗಿ ಪಡೆದರಂತೆ. ಅಂದಿನಿಂದ ಇದಕ್ಕೆ ಪೊರಕೆ ತಗುಲಿಲ್ಲ, ಏಕೆಂದರೆ ದಿವಾನರ ಪಾದಧೂಳಿ ಇನ್ನೂ ಇದರೊಳಗಿದೆ.

ತೊಳೆಸುವ ಮಾತೆತ್ತಿದೆ. ರಾಯರು ನನಗೆ ಶಾಸ್ತ್ರ ಹೇಳಿದರು.

“ಉಣ್ಣೆಗೆ ಮೈಲಿಗೆ ಅನ್ನೋದೇ ಇಲ್ಲಮ್ಮ. ಯಾರು ಮುಟ್ಟಿದ್ರೂ ಇಲ್ಲ, ಎಲ್ಲಿಟ್ರೂ ಇಲ್ಲ. ಮೈಲಿಗೆ ಇಲ್ಲದ್ದನ್ನ ತೊಳೆಯೋದು ಯಾಕೆ?”

ನಾನು ಇದನ್ನು ಕೇಳುತ್ತಿದ್ದಾಗ ನನ್ನ ಕಣ್ಣು ಬೇರೆ ಕಡೆ ಹೋಗಿತ್ತು. ಸೀತಮ್ಮನವರು ಅಡಿಗೆಮನೆಯ ಹೊಸಲಿನಲ್ಲಿ ಸೆರಗನ್ನು ಮೂಗಿಗೆ ಒತ್ತಿಕೊಂಡು ನಿಂತಿದ್ದರು. ನಡುಮನೆಗೆ ಕಾಲಿಡಲಿಲ್ಲ. ರಾಯರಿಗೆ ಕಾಫಿ ತಂದವರು ಲೋಟವನ್ನು ಹೊಸಲಿನ ಮೇಲಿಟ್ಟು ಹಿಂದೆ ಸರಿದರು. ಎರಡು ಮಾತಿಗೊಂದು ಸಲ ನಿಂತು ಉಸಿರೆಳೆದುಕೊಳ್ಳುತ್ತಿದ್ದರು, ಎದೆಯಲ್ಲಿ ಸಣ್ಣದಾಗಿ ಸಿಳ್ಳೆ ಕೇಳುತ್ತಿತ್ತು. ನನ್ನನ್ನು ಹಿತ್ತಿಲ ಬಾಗಿಲಿನಿಂದ ಕಳಿಸಲು ಬಂದಾಗ ಮಾತ್ರ, ನುಗ್ಗೆಮರದ ಕೆಳಗೆ ನಿಂತು ಸಲೀಸಾಗಿ ಮಾತಾಡಿದರು. ಗೂರಲು, ಅಂದರೆ ಉಬ್ಬಸ, ಈ ಮನೆಗೆ ಬಂದ ಮೇಲೆ ಹೆಚ್ಚಾಯಿತಂತೆ. ಮದ್ದೂರಿನ ತವರಿಗೆ ಹೋದರೆ ಏನೂ ಇಲ್ಲವಂತೆ.

ರಾಯರು ಸುಮ್ಮನೆ ಕೂತವರಲ್ಲ. ಮದ್ದೂರಿನ ನೀರು ಒಳ್ಳೆಯದೆಂದು ತೀರ್ಮಾನಿಸಿ ಅಲ್ಲಿಂದ ರೈಲಿನಲ್ಲಿ ನೀರಿನ ಕ್ಯಾನು ತರಿಸಿದರು. ಡಾಕ್ಟರನ್ನು ಬದಲಾಯಿಸಿದರು. ಜೋಯಿಸರ ಮಾತು ಕೇಳಿ ಶನಿಶಾಂತಿ ಮಾಡಿಸಿದರು. ಅಡಿಗೆಮನೆಯ ಬಾಗಿಲನ್ನು ಒಡೆಸಿ ಒಂದು ಮೊಳ ಪೂರ್ವಕ್ಕೆ ಇಡಿಸಿದರು. ಗೋಡೆ ಒಡೆಸಿದರೇ ಹೊರತು ದುಪ್ಪಟಿ ಎತ್ತಿಸಲಿಲ್ಲ.

ಕಾರ್ಖಾನೆಗೆ ಬಂದು ಇದನ್ನೆಲ್ಲ ಹೇಳಿದೆ. ಶೆಟ್ಟರಿಗೆ ಸೀತಮ್ಮನವರ ಉಸಿರಿಗಿಂತ ದಿವಾನರ ಹೆಸರು ರುಚಿಸಿತು. ದಿವಾನರು ಮೆಟ್ಟಿದ ಕಂಬಳಿಯನ್ನು ಶುದ್ಧಿ ಮಾಡಿದವರು ಎಂದು ಕರಪತ್ರದಲ್ಲಿ ಹಾಕಿಸಬಹುದಲ್ಲ ಎಂದು ಆಗಲೇ ಲೆಕ್ಕ ಹಾಕಿದರು. ಮಾರನೆಯ ದಿನ ಖಾದರ್ ಸಾಬರನ್ನು ನನ್ನ ಜೊತೆ ಕಳಿಸಿದರು. ಕಸುಬಿನವರ ಬಾಯಿಂದ ನಾಲ್ಕು ಒಳ್ಳೆಯ ಮಾತು ಬಂದರೆ ರಾಯರು ಕರಗುತ್ತಾರೆ ಎಂದು ಅವರ ಆಸೆ. ಏನಾದರೂ ಹೊಗಳಿ ಬಾ ಎಂದು ಸಾಬರಿಗೆ ಹೇಳಿಕೊಟ್ಟರು.

ರಾಯರು ಆ ದಿನ ಉದಾರವಾಗಿ ಕಂಬಳಿಯ ಒಂದು ಅಂಚನ್ನು ಜಗಲಿಯ ಬಾಗಿಲಿನವರೆಗೆ ಎಳೆದು ತೋರಿಸಿದರು. ಪರ್ಷಿಯಾ ದೇಶದ್ದು, ಹಡಗಿನಲ್ಲಿ ಬಂದದ್ದು ಎಂದರು. ಸಾಬರು ಅಂಚನ್ನು ಮಗುಚಿ, ಗಂಟುಗಳ ಮೇಲೆ ಹೆಬ್ಬೆರಳು ಆಡಿಸಿ, ಸಂತೋಷದಿಂದ ತಲೆದೂಗಿದರು.

“ಪರ್ಷಿಯಾ ಇಲ್ಲ ಸ್ವಾಮಿ. ನಮ್ ಬೆಂಗ್ಳೂರು ಜೈಲಿಂದು. ಕೈದಿಗಳು ನೇಯ್ದಿರೋದು. ಭಾಳ ಗಟ್ಟಿ ಮಾಲು.”

ಅವರ ಪ್ರಕಾರ ಇದು ಹೊಗಳಿಕೆಯೇ. ರಾಯರು ಕಂಬಳಿಯನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದರು. ಶೆಟ್ಟರು ಅಂದು ಸಾಬರ ಮೇಲೆ ಕೂಗಾಡಿದ್ದು ವೃಷಭಾವತಿಯ ಆಚೆ ದಡದವರಿಗೂ ಕೇಳಿಸಿರಬೇಕು. ನನಗೂ ಪಾಲು ಸಿಕ್ಕಿತು. ಆ ಬೀದಿಗೆ ಇನ್ನು ಕಾಲಿಟ್ಟರೆ ಕೆಲಸ ಬಿಟ್ಟು ಹೋಗು ಎಂದರು. ಸಾಬರು ಮಾತ್ರ ಗಟ್ಟಿ ಮಾಲು ಅಂದದ್ದರಲ್ಲಿ ತಪ್ಪೇನು ಎಂದು ಸಂಜೆಯವರೆಗೂ ಕೇಳುತ್ತಲೇ ಇದ್ದರು.

ಸೀತಮ್ಮನವರ ಎದೆಯ ಸಿಳ್ಳೆ ನನ್ನ ಕಿವಿಯಿಂದ ಹೋಗಲಿಲ್ಲ. ದಸರಾ ಕಳೆದು ಚಳಿ ಶುರುವಾದಾಗ, ಮೇಷ್ಟ್ರ ಹೆಂಡತಿ ಕೊನೆಗೂ ಮನಸ್ಸು ಮಾಡಿ ಕಂಬಳಿ ಕೊಡುತ್ತೇನೆಂದು ಹೇಳಿ ಕಳಿಸಿದ್ದರು. ಅವರ ಮನೆಗೆ ಹೋಗಲು ಆ ಬೀದಿ ದಾಟಲೇಬೇಕು. ಗಾಡಿಯವನನ್ನು ಹಿಂದೆ ಬರಹೇಳಿ ನಾನು ಮುಂದೆ ನಡೆದೆ. ರಾಯರ ಮನೆಯ ಮುಂದೆ ಅಕ್ಕಪಕ್ಕದ ಇಬ್ಬರು ಹೆಂಗಸರು ಗಾಬರಿಯಿಂದ ನಿಂತಿದ್ದರು. ಏನಾಯಿತೆಂದು ಕೇಳುತ್ತಾ ನಾನು ಒಳಗೆ ನುಗ್ಗಿದೆ.

ಸೀತಮ್ಮನವರಿಗೆ ಅಡಿಗೆಮನೆಯಲ್ಲಿ ಉಸಿರು ಕಟ್ಟಿಕೊಂಡಿತ್ತು. ರಾಯರು ಹೆಂಡತಿಯನ್ನು ಎತ್ತಿಕೊಂಡು ಬಂದು, ಮನೆಯಲ್ಲಿ ಅತ್ಯಂತ ಮೆತ್ತಗಿನ, ಅತ್ಯಂತ ಶ್ರೇಷ್ಠವಾದ ಜಾಗದಲ್ಲಿ ಮಲಗಿಸಿದ್ದರು. ದುಪ್ಪಟಿ, ಜಮಖಾನೆ ಎರಡನ್ನೂ ತೆಗೆದು, ಕಂಬಳಿಯ ಮೇಲೆಯೇ. ಪ್ರೀತಿಯಿಂದಲೇ ಮಾಡಿದ್ದು. ಪಕ್ಕದಲ್ಲಿ ಕೂತು ಜೋರಾಗಿ ಬೀಸಣಿಗೆ ಬೀಸುತ್ತಿದ್ದರು. ಒಂದೊಂದು ಬೀಸಿಗೂ ಕಂಬಳಿಯ ಎದೆಯಿಂದ ನಸುಧೂಳು ಎದ್ದು, ಕಿಟಕಿಯ ಬಿಸಿಲಿನಲ್ಲಿ ಹೊಳೆದು, ಆಕೆಯ ಮುಖದ ಮೇಲೆ ಇಳಿಯುತ್ತಿತ್ತು. ಸೀತಮ್ಮನವರ ತುಟಿ ನೀಲಿಯಾಗಿತ್ತು. ಕಣ್ಣು ಮೇಲೆ ಸಿಕ್ಕಿಕೊಂಡ ಹಾಗಿತ್ತು.

“ಸ್ವಾಮಿ, ಬೀಸ್ಬೇಡಿ. ಹಿತ್ಲಿಗೆ ಎತ್ತಿ” ಎಂದೆ.

ರಾಯರು ನನ್ನ ಮುಖ ನೋಡಿದರು. ನಾನು ಯಾರೆಂಬುದು ಅವರಿಗೆ ಹೊಳೆಯಿತೋ ಇಲ್ಲವೋ ಗೊತ್ತಿಲ್ಲ. ಆದರೆ ಅವರಿಗೆ ಯಾರಾದರೂ ಏನಾದರೂ ಮಾಡು ಎಂದು ಹೇಳಿದರೆ ಸಾಕಾಗಿತ್ತು. ಇಬ್ಬರೂ ಸೇರಿ ಆಕೆಯನ್ನು ಹಿತ್ತಿಲಿಗೆ ತಂದು ಒಗೆಯುವ ಕಲ್ಲಿಗೆ ಒರಗಿಸಿ ಕೂರಿಸಿದೆವು. ನಾನು ಬೆನ್ನು ನೀವಿದೆ. ಪಕ್ಕದ ಮನೆಯವರು ಬಿಸಿನೀರು ತಂದರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಸಿಳ್ಳೆ ನಿಧಾನವಾಗಿ ಸಡಿಲವಾಯಿತು, ತುಟಿಗೆ ಬಣ್ಣ ಬಂತು. ರಾಯರು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಪಂಚೆಯ ತುದಿಯಲ್ಲಿ ಮುಖ ಒರೆಸಿಕೊಂಡರು.

ಮಾತಾಡಲು ಶಕ್ತಿ ಬಂದ ಕೂಡಲೇ ಸೀತಮ್ಮನವರು ಗಂಡನ ಕಡೆ ತಿರುಗಿದರು.

“ಆ ಕಂಬಳಿ ಇವತ್ತು ಹೊರಗೆ ಹೋಗ್ಬೇಕು. ಇಲ್ಲಾಂದ್ರೆ ನಾನು ಮದ್ದೂರಿಗೆ ಹೋಗ್ತೀನಿ. ವಾಪಸ್ ಬರಲ್ಲ.”

ರಾಯರು ಮೆಲ್ಲಗೆ ಅದನ್ನು ತೊಳೆಯುವವರು ಸಾಬರಲ್ಲವೇ ಎಂದರು. ಅದು ಅವರ ಕೊನೆಯ ಕೋಟೆ.

“ಉಣ್ಣೆಗೆ ಮೈಲಿಗೆ ಇಲ್ಲ. ಯಾರು ಮುಟ್ಟಿದ್ರೂ ಇಲ್ಲ. ನೀವೇ ಹೇಳಿದ್ದು” ಎಂದರು ಸೀತಮ್ಮ.

ಮೂವತ್ತು ವರ್ಷ ಕಚೇರಿಯಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರ ಮೇಲೆ ತಿರುಗಿಸಿ ಬದುಕಿದವರಿಗೆ ಈಗ ತಮ್ಮ ಮಾತೇ ತಿರುಗಿ ಬಂದಿತ್ತು.  ರಾಯರು ನನ್ನ ಕಡೆ ತಿರುಗಿ, ದಿವಾನರ ಧೂಳು ಏನಾಗುತ್ತೆ ಎಂದು ಕೇಳಿದರು. ಕೇಳಿದ ರೀತಿ ನೋಡಿ ನನಗೆ ನಗು ಬರಲಿಲ್ಲ. ಜೀವಮಾನದಲ್ಲಿ ಒಬ್ಬ ದೊಡ್ಡ ಮನುಷ್ಯ ಅವರ ಹೆಸರು ಹಿಡಿದು ಮಾತಾಡಿಸಿದ್ದು ಅದೊಂದೇ ದಿನ ಎಂದು ಕಾಣುತ್ತದೆ. ಒಂದು ಚೂರೂ ಚೆಲ್ಲದೆ ತಂದುಕೊಡುತ್ತೇವೆ ಎಂದೆ. ಮೇಷ್ಟ್ರ ಮನೆಗೆಂದು ಬಂದಿದ್ದ ಗಾಡಿಯಲ್ಲಿ ದಿವಾನರ ಕಂಬಳಿ ಹೊರಟಿತು.

ಕಾರ್ಖಾನೆಯಲ್ಲಿ ಖಾದರ್ ಸಾಬರು ಅದನ್ನು ಗಳದ ಮೇಲೆ ಹಾಕಿ, ಕೆಳಗೆ ಹಳೆಯ ಪಂಚೆಗಳನ್ನು ಹಾಸಿ, ಬೆತ್ತ ಎತ್ತಿದರು. ಬಿದ್ದ ಧೂಳನ್ನು ನೋಡಿದರೆ ದಿವಾನರೊಬ್ಬರೇ ಅಲ್ಲ, ಅವರ ಸವಾರಿಯ ಕುದುರೆಗಳೂ ಕಂಬಳಿಯ ಮೇಲೆ ಹಾದುಹೋಗಿರಬೇಕು. ಅಡಿಯಲ್ಲಿ ಉಣ್ಣೆಹುಳು ಗೂಡು ಕಟ್ಟಿತ್ತು. ಯಾರೂ ತುಳಿಯದ, ಬಿಸಿಲು ಕಾಣದ ಕಂಬಳಿಗೇ ಹುಳು ಬೇಗ ಹತ್ತುತ್ತದೆ, ದಿನಾ ತುಳಿಯುವ ಕಂಬಳಿಗಲ್ಲ. ಇದನ್ನು ಹೊಸಬರು ನೆನಪಿಡಬೇಕು. ಅಂಟುವಾಳದ ನೀರಿನಲ್ಲಿ ಉಜ್ಜಿ, ಹರಿಯುವ ನೀರಿನಲ್ಲಿ ಜಾಲಿಸಿ, ನೆರಳಿನಲ್ಲಿ ಒಣಗಿಸಿದಾಗ ನಾವೆಲ್ಲ ಸುತ್ತ ನಿಂತು ನೋಡಿದೆವು. ಕಂದು ಕಂಬಳಿ ಹೋಗಿ ದಾಸವಾಳದ ಕೆಂಪು ಬಂದಿತ್ತು. ನಾಲ್ಕು ಮೂಲೆಯಲ್ಲೂ ಹಸಿರು ಗಿಳಿಗಳು. ಶೆಟ್ಟರು ಸಂತೋಷದಿಂದ ಸಾಬರನ್ನೂ ನನ್ನನ್ನೂ ಕರೆದುಕೊಂಡು ತಾವೇ ಗಾಡಿಯಲ್ಲಿ ಕೂತು ರಾಯರ ಮನೆಗೆ ಬಂದರು.

ನಡುಮನೆಯಲ್ಲಿ ಬಿಚ್ಚಿ ಹಾಸಿದೆವು. ರಾಯರು ನೋಡಿದರು, ಬಗ್ಗಿ ನೋಡಿದರು, ಕನ್ನಡಕ ಹಾಕಿಕೊಂಡು ನೋಡಿದರು. ಇದು ತಮ್ಮದಲ್ಲ ಎಂದರು. ತಮ್ಮ ಕಂಬಳಿಯಲ್ಲಿ ಗಿಳಿ ಇರಲಿಲ್ಲ, ದಿವಾನರು ಗಿಳಿಯ ಮೇಲೆ ನಿಲ್ಲುವವರಲ್ಲ, ನೀವು ಬೆಲೆಬಾಳುವ ಮಾಲು ನುಂಗಿ ಮದುವೆಮನೆಯ ಹಾಸು ತಂದಿದ್ದೀರಿ, ಪೋಲೀಸಿಗೆ ಹೇಳುತ್ತೇನೆ ಎಂದರು.  ಶೆಟ್ಟರು ಕೂಡಲೇ ನನ್ನ ಕಡೆ ಕೈ ತೋರಿಸಿ, ಒಪ್ಪಿಕೊಂಡು ತಂದವಳು ಇವಳು, ಏನಿದ್ದರೂ ಇವಳನ್ನೇ ಕೇಳಿ ಎಂದುಬಿಟ್ಟರು. ಪೋಲೀಸರ ಹೆಸರು ಕಿವಿಗೆ ಬಿದ್ದರೆ ನಮ್ಮ ಮನೆಯವರು ನನ್ನನ್ನು ಮತ್ತೆ ಕೆಲಸಕ್ಕೆ ಕಳಿಸುತ್ತಿರಲಿಲ್ಲ.  ಸಾಬರೇನೋ ಹೇಳಲು ಬಾಯಿ ತೆರೆದರು. ನಾನು ಅವರ ತೋಳು ಹಿಡಿದು ನಿಲ್ಲಿಸಿದೆ.

ಆಗ ಸೀತಮ್ಮನವರು ಹೊಸಲು ದಾಟಿ ಬಂದರು. ಕಂಬಳಿಯ ಮೇಲೆ ನಡೆದು, ಕಿಟಕಿಯ ಕಡೆಯ ಅಂಚಿನಲ್ಲಿ ಕೂತು, ಬೆರಳಿನಿಂದ ಹುಡುಕಿ, ಕಾಸಿನಗಲದ ಒಂದು ಕಪ್ಪು ಗುರುತನ್ನು ತೋರಿಸಿದರು.

“ಇಲ್ಲಿ ನೋಡಿ. ಗೃಹಪ್ರವೇಶದ ದಿನ ಸಾಂಬ್ರಾಣಿ ಕೆಂಡ ಬಿದ್ದಿದ್ದು. ಬೀಳಿಸಿದ್ದು ನೀವು. ನಾನು ಅಂತ ನಿಮ್ಮಕ್ಕನ ಹತ್ರ ಹೇಳಿದ್ರಿ.”

ರಾಯರು ಬಗ್ಗಿ ಆ ಗುರುತನ್ನು ನೋಡಿದರು. ಆಮೇಲೆ ಮೆಲ್ಲಗೆ ಹೌದು, ಇದು ನಮ್ಮದೇ ಎಂದು ಒಪ್ಪಿದರು. ಯಾವುದನ್ನು ಒಪ್ಪಿದರು, ಕಂಬಳಿಯನ್ನೋ ಕೆಂಡವನ್ನೋ, ನಾವು ಕೇಳಲಿಲ್ಲ. ನಾವು ಪಂಚೆಯಲ್ಲಿ ಕಟ್ಟಿ ತಂದಿದ್ದ ಧೂಳಿನ ಗಂಟನ್ನು ಎರಡೂ ಕೈಯಲ್ಲಿ ಇಸಿದುಕೊಂಡು ದೇವರಮನೆಯ ಕಡೆ ಹೊರಟರು. ಅಲ್ಲಿ ಬೇಡ ಎಂದು ಸೀತಮ್ಮನವರು ಹೇಳಿದ್ದಕ್ಕೆ, ಹಿತ್ತಾಳೆಯ ಕೊಡವೊಂದರಲ್ಲಿ ತುಂಬಿ, ಬಾಯಿಗೆ ಕೆಂಪು ಬಟ್ಟೆ ಕಟ್ಟಿ ಜಗಲಿಯ ಗೂಡಿನಲ್ಲಿಟ್ಟರು. ಬಂದುಹೋಗುವವರು ಯಾರದೋ ಅಸ್ಥಿ ಇರಬೇಕೆಂದುಕೊಂಡು ಕೈಮುಗಿದು ಹೋಗುತ್ತಿದ್ದರು. ರಾಯರು ಅವರನ್ನು ತಿದ್ದಲಿಲ್ಲ.

ಆ ಚಳಿಗಾಲ ಸೀತಮ್ಮನವರಿಗೆ ಎರಡು ಸಲ ಮಾತ್ರ ಗೂರಲು ಬಂತೆಂದು ಕೇಳಿದೆ. ಬೇಸಗೆಯಲ್ಲಿ ಬರಲೇ ಇಲ್ಲ. ಮದ್ದೂರಿನ ನೀರಿನ ಕ್ಯಾನು ಬರುವುದು ನಿಂತಿತು. ಬೀದಿಯ ಪಿಂಚಣಿದಾರರೆಲ್ಲ ಕಂಬಳಿ, ಜಮಖಾನೆ ಹೊತ್ತು ತಂದರು. ಶೆಟ್ಟರು ನನ್ನನ್ನು ಪೋಲೀಸರಿಗೆ ಒಪ್ಪಿಸಲು ಹೊರಟಿದ್ದನ್ನು ಮರೆತು, ಈ ಹುಡುಗಿಯನ್ನು ಆರಿಸಿದ್ದು ತಾವೇ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದರು. ನಾನು ಕರವಸ್ತ್ರವನ್ನು ಅವರ ಮೇಜಿನ ಮೇಲಿಟ್ಟು, ಇನ್ನು ಮೇಲೆ ಕಂಬಳಿಗಿಂತ ಮೊದಲು ಮನೆಯವರನ್ನು ನೋಡುತ್ತೇನೆ ಎಂದೆ. ಯಾರು ಕೆಮ್ಮುತ್ತಾರೆ, ಯಾವ ಮಗು ಮೈ ಕೆರೆದುಕೊಳ್ಳುತ್ತದೆ, ಯಾರು ಯಾವ ಕೋಣೆಗೆ ಹೋಗುವುದಿಲ್ಲ ಎಂಬುದನ್ನು ನೋಡುತ್ತೇನೆ ಎಂದೆ. ಹೇಗಾದರೂ ಮಾಡು, ಗಿರಾಕಿ ಬರಲಿ ಎಂದರು.

ಮುಂದಿನ ವರ್ಷ ದಸರಾಕ್ಕೆ ಮುಂಚೆ ರಾಯರೇ ಹೇಳಿ ಕಳಿಸಿದರು. ಹೋದಾಗ ಜಗಲಿಯಲ್ಲಿ ಪಿಂಚಣಿದಾರರ ಒಂದು ಸಭೆಯೇ ಸೇರಿತ್ತು. ರಾಯರು ನನ್ನನ್ನು ಅವರೆದುರಿಗೆ ನಿಲ್ಲಿಸಿಕೊಂಡು, ರತ್ನಗಂಬಳಿಯನ್ನು ಯಾವಾಗ ತೊಳೆಸಬೇಕು ಎಂಬುದರ ಮೇಲೆ ಉಪನ್ಯಾಸ ಕೊಟ್ಟರು. ಕಂಬಳಿಯನ್ನು ಮುಚ್ಚಿಡಬಾರದು, ತುಳಿಯಬೇಕು, ಮನೆಯವರ ಉಸಿರನ್ನು ಗಮನಿಸಬೇಕು, ಇದು ತಾವು ಬಹಳ ಕಾಲ ಸೂಕ್ಷ್ಮವಾಗಿ ನೋಡಿ ಕಂಡುಕೊಂಡ ಸತ್ಯ, ನಿನ್ನಂಥವರು ಇದನ್ನೆಲ್ಲ ಕಲಿತುಕೊಳ್ಳಬೇಕು ಎಂದರು. ಪಿಂಚಣಿದಾರರು ತಲೆದೂಗಿದರು. ನಾನೂ ತಲೆದೂಗಿ, ಆಗಲಿ ಸ್ವಾಮಿ, ಕಲಿತುಕೊಳ್ಳುತ್ತೇನೆ ಎಂದೆ.

ಒಳಗೆ ನಡುಮನೆಯಲ್ಲಿ, ಕೆಂಪು ಕಂಬಳಿಯ ನಟ್ಟನಡುವೆ ಸೀತಮ್ಮನವರು ಕಾಲು ಚಾಚಿ ಕೂತು ಹೂ ಕಟ್ಟುತ್ತಿದ್ದರು. ಈ ಮಾತು ಕಿವಿಗೆ ಬಿದ್ದದ್ದೇ ನಕ್ಕರು. ಹೂವು ಮಡಿಲಿಂದ ಜಾರಿತು, ಆಕೆ ಒಂದು ಕೈಯನ್ನು ಕಂಬಳಿಗೆ ಊರಿ ಮತ್ತೂ ನಕ್ಕರು. ರಾಯರು ಮಾತು ನಿಲ್ಲಿಸಿ, ಅಭ್ಯಾಸಬಲದಿಂದ, ನಗುವಿನ ಹಿಂದೆಯೇ ಬರುವ ಕೆಮ್ಮಿಗಾಗಿ ಕಿವಿಗೊಟ್ಟು ಕಾದರು. ನಾನೂ ಕಾದೆ. ನಗು ಬಹಳ ಹೊತ್ತು ಇತ್ತು. ಕೆಮ್ಮು ಬರಲಿಲ್ಲ.